ಅಂಗಡಿಯ ಗುರುತಿನ ಕ್ಯೂಆರ್

ಸಿಂಗಟಗೆರೆಯ ದಿನಸಿ ಅಂಗಡಿಯಿರಲಿ, ಟೀ ಅಂಗಡಿಯಿರಲಿ, ಗಲ್ಲಾಪೆಟ್ಟಿಗೆಯ ಪಕ್ಕ ನಿಂತ ಕ್ಯೂಆರ್ ಕೋಡಿನಲ್ಲಿ ಎದ್ದು ಕಾಣುವುದು ಪಾವತಿ ಕಂಪನಿಯ ಬಣ್ಣ ಮತ್ತು ಲಾಂಛನ. ಅಂಗಡಿಯವರು ತಮ್ಮದೇ ಗುರುತಿನ ಕೋಡ್ ಮಾಡಿಸಿಕೊಂಡರೆ ಎಷ್ಟು ಚೆನ್ನ! ಪೈಥಾನ್ ಭಾಷೆಯ ‘ಸೆಗ್ನೊ’ ಎಂಬ ಪುಟ್ಟ ಲೈಬ್ರರಿ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಬೇರೆ ಲೈಬ್ರರಿಗಳ ಹಂಗಿಲ್ಲದೆ ಮೂರ್ನಾಲ್ಕು ಸಾಲಿನಲ್ಲಿ ಎಸ್‌ವಿಜಿ ಕಡತ ಕೊಡುತ್ತದೆ. ಫ್ಲೆಕ್ಸ್‌ನವರು ಅದನ್ನು ಎಷ್ಟು ಹಿಗ್ಗಿಸಿದರೂ ಅಂಚು ಮಸುಕಾಗುವುದಿಲ್ಲ. ಮೂಲೆಯ ಚೌಕಗಳಿಗೊಂದು, ಒಳಗಿನ ಚುಕ್ಕಿಗಳಿಗೊಂದು ಬಣ್ಣ ಕೊಡಬಹುದು.

1994ರಲ್ಲಿ ಜಪಾನಿನ ಡೆನ್ಸೊ ಕಂಪನಿಯ ಮಸಾಹಿರೊ ಹರಾ ತಂಡ ಕ್ಯೂಆರ್ ರೂಪಿಸಿದ್ದು ಕಾರ್ಖಾನೆಯಲ್ಲಿ ಬಿಡಿಭಾಗಗಳ ಲೆಕ್ಕ ಇಡಲು. ಕೊಳೆ ಮೆತ್ತಿದರೂ ಓದಲಾಗಬೇಕಿತ್ತು. ಹಾಗಾಗಿ ದೋಷ ತಿದ್ದುವ ಅದರ ಅತಿ ಹೆಚ್ಚಿನ ‘ಎಚ್’ ಮಟ್ಟದಲ್ಲಿ ಮಾಹಿತಿಯ ಸುಮಾರು 30% ಹಾಳಾದರೂ ಲೆಕ್ಕ ಹಾಕಿ ಮರಳಿ ಪಡೆಯಬಹುದು. ನಡುವೆ ಲಾಂಛನ ಕೂರಿಸುವವರ ಧೈರ್ಯವೆಲ್ಲ ಇದೇ. ಆದರೆ ಮೂಲೆಯ ಮೂರು ಚೌಕಗಳಿಗೆ ಈ ರಕ್ಷಣೆ ಇಲ್ಲ. ಅಲ್ಲಿ ಹೂಬಳ್ಳಿ ಬಿಡಿಸಿದರೆ ಫೋನಿಗೆ ಕೋಡ್ ಎಲ್ಲಿದೆಯೆಂದೇ ತಿಳಿಯದೆ ಹೋಗಬಹುದು.

ಕನ್ನಡದವರು ಗಮನಿಸಬೇಕಾದದ್ದು ಇನ್ನೊಂದಿದೆ. ‘ಸಿಂಗಟಗೆರೆ’ ಎಂದು ಬರೆದರೆ ಯೂನಿಕೋಡ್‌ನಲ್ಲಿ 9 ಸಂಕೇತ, ಒಂದೊಂದಕ್ಕೆ 3 ಬೈಟ್, ಒಟ್ಟು 27. ‘ಎಚ್’ ಮಟ್ಟದಲ್ಲಿ ಇದಕ್ಕೆ 33×33 ಚೌಕದ ಕೋಡ್ ಬೇಕು. ಅದೇ ಹೆಸರು ರೋಮನ್ ದೊಡ್ಡಕ್ಷರದಲ್ಲಿ 25×25ರಲ್ಲಿ ಮುಗಿಯುತ್ತದೆ. ಯುಪಿಐ ಲಿಂಕಿನೊಳಗೆ ಈ ಕನ್ನಡ ಹೆಸರು ಸೇರಿಸಿದರೆ ಅದು ಬೈಟಿಗೆ ಮೂರರಂತೆ 81 ಅಕ್ಷರಗಳಾಗಿ ಉಬ್ಬುತ್ತದೆ. ಸ್ಟಿಕ್ಕರ್ ಅಷ್ಟೇ ಇದ್ದು ಚೌಕಗಳು ಸಣ್ಣದಾದರೆ, ಧೂಳು ಹಿಡಿದ ಲ್ಯಾಮಿನೇಷನ್ ಮೇಲೆ ಹಳೆಯ ಫೋನು ತಡವರಿಸುತ್ತದೆ. ನನ್ನ ಮಟ್ಟಿಗೆ ಚೆಂದದ ಕೋಡ್ ಎಂದರೆ ಒಳಗೆ ಕಡಿಮೆ ಮಾಹಿತಿ ತುಂಬಿದ್ದು. ಅಂಗಡಿಯ ಹೆಸರನ್ನು ಕೆಳಗೆ ದಪ್ಪ ಕನ್ನಡದಲ್ಲಿ ಅಚ್ಚು ಹಾಕಿಸಲಿ. ಗಿರಾಕಿಯ ಕಣ್ಣಿಗೆ ಬೀಳಬೇಕಾದದ್ದು ಅಲ್ಲೇ.

ಸೆಗ್ನೊ ಬಗ್ಗೆ ನನ್ನ ತಕರಾರು ಒಂದಿದೆ. ಮಳಿಗೆ ಸಂಖ್ಯೆಯಂಥ ಪುಟ್ಟ ಮಾಹಿತಿ ಕೊಟ್ಟರೆ ಅದರ ‘ಮೇಕ್’ ಆದೇಶ ತಾನಾಗಿ ಮೈಕ್ರೊ ಕ್ಯೂಆರ್ ಮಾಡಿಬಿಡುತ್ತದೆ. ನಮ್ಮ ಬಹುತೇಕ ಫೋನುಗಳ ಕ್ಯಾಮೆರಾ ಅದನ್ನು ಓದುವುದಿಲ್ಲ. ಹೊಸಬರು ‘ಮೇಕ್_ಕ್ಯೂಆರ್’ ಬಳಸುವುದೇ ಕ್ಷೇಮ.

ಬಣ್ಣದಲ್ಲಿ ಕಡುಹಸಿರು, ಕಡುಗೆಂಪು ಆದೀತು; ಹಿನ್ನೆಲೆ ಮಾತ್ರ ತಿಳಿಯಾಗಿರಲಿ. ಕಪ್ಪು ನೆಲದ ಮೇಲೆ ಬಿಳಿ ಚೌಕ ಇಟ್ಟರೆ ಕೆಲವು ಆ್ಯಪ್‌ಗಳು ಓದುವುದಿಲ್ಲ. ಸುತ್ತಲೂ ನಾಲ್ಕು ಚೌಕದಷ್ಟು ಖಾಲಿ ಜಾಗವನ್ನು ಸೆಗ್ನೊ ತಾನೇ ಬಿಡುತ್ತದೆ. ಅಲ್ಲಿಗೆ ಬಾರ್ಡರ್ ತುಂಬಬೇಡಿ ಎಂದು ಫ್ಲೆಕ್ಸ್‌ನವರಿಗೆ ಮೊದಲೇ ಹೇಳಬೇಕು.