ಗಾಳಿ ಯಾವ ಕಡೆಗಿತ್ತು?

ಬೆಂಗಳೂರಿನ ಒಂದು ಪುಟ್ಟ ಫೋಟೋ ಗ್ಯಾಲರಿಗೆ ಹೋಗಿದ್ದೆ. ಎರಡೇ ಕೋಣೆ, ಬಿಳಿ ಗೋಡೆ. ಚಪ್ಪಲಿ ಸದ್ದಾದರೂ ತಪ್ಪು ಮಾಡಿದ ಹಾಗನ್ನಿಸುವ ಮೌನ. ಟಿಕೆಟ್ ಇಲ್ಲ, ಯಾರು ಬೇಕಾದರೂ ಬರಬಹುದು. ಕಾನೂನಿನಲ್ಲಿ ದೇವಸ್ಥಾನದ ಬಾಗಿಲೂ ಎಲ್ಲರಿಗೂ ತೆರೆದಿದೆ. ಹೊಸ್ತಿಲಲ್ಲಿ ಕಾಲು ಹಿಂಜರಿಯುತ್ತದಲ್ಲ, ಅದಕ್ಕೆ ಯಾವ ಕಾನೂನು?

ಒಂದು ಚಿತ್ರದ ಮುಂದೆ ನಿಂತೆ. ಬೀದಿ ಗುಡಿಸುತ್ತಿರುವ ಹೆಂಗಸು. ಪೊರಕೆಯಿಂದ ಎದ್ದ ದೂಳಿಗೆ ಎಳೆಬಿಸಿಲು ಬಿದ್ದು ಚಿನ್ನದ ಬಣ್ಣ ಬಂದಿದೆ. ಚೆನ್ನಾಗಿದೆ, ಸುಳ್ಳು ಹೇಳಲಾರೆ. ಕೆಳಗಿನ ಚೀಟಿಯಲ್ಲಿ ಕ್ಯಾಮೆರಾ ಹಿಡಿದವನ ಹೆಸರಿತ್ತು, ಕಾಗದದ ಜಾತಿ ಇತ್ತು, ಬೆಲೆ ಇತ್ತು. ಪೊರಕೆ ಹಿಡಿದಾಕೆಯ ಹೆಸರಿರಲಿಲ್ಲ. 'ಬೆಳಗು' ಅಂತಷ್ಟೇ ಬರೆದಿತ್ತು.

ನೆಲ ಒರೆಸಲು ಬಂದ ಅಮ್ಮ ಒಬ್ಬರು ಪಕ್ಕದಲ್ಲಿ ನಿಂತರು. ಹೆಂಗಿದೆಯಮ್ಮಾ ಅಂದೆ.

"ಗಾಳಿಗೆ ಎದುರಾಗಿ ಯಾರಪ್ಪಾ ಗುಡಿಸ್ತಾರೆ? ದೂಳೆಲ್ಲಾ ಬಾಯಿಗೇ ಹೊಡೀತದೆ. ಹಂಗೇ ನಿಂತ್ಕೋ ಅಂತ ಅವರೇ ಹೇಳಿರ್ಬೇಕು."

ಪದವಿ ಪಡೆದ ನಾನು ಬೆಳಕು ನೋಡಿದ್ದೆ. ಅವರು ಗಾಳಿ ನೋಡಿದ್ದರು. ಹೇಳಿ ನಿಲ್ಲಿಸಿದರೋ, ಹಾಗೇ ಸಿಕ್ಕಿತೋ, ದೂಳು ಹೋದದ್ದಂತೂ ಆಕೆಯ ಎದೆಯೊಳಕ್ಕೇ. ಬೆಂಗಳೂರಿನ ಬೀದಿ ಗುಡಿಸುವವರಲ್ಲಿ ಹೆಚ್ಚಿನವರು ದಲಿತ ಹೆಣ್ಣುಮಕ್ಕಳು. ಅವರ ಕೆಮ್ಮನ್ನು ಹೊರಗಿಟ್ಟು ಬೆಳಕನ್ನಷ್ಟೇ ಒಳಗೆ ತಂದು ತೂಗುಹಾಕುವ ಸೌಂದರ್ಯದ ಬಗ್ಗೆ ನನ್ನ ತಕರಾರು.

ಹಾಗಾದರೆ ಪೊರಕೆಯ ಚಿತ್ರ ತೆಗೆಯಲೇಬಾರದೇ? ತೆಗೆಯಬೇಕು. 1942ರಲ್ಲಿ ವಾಷಿಂಗ್ಟನ್ನಿನಲ್ಲಿ ಕಪ್ಪು ಜನಾಂಗದ ಗಾರ್ಡನ್ ಪಾರ್ಕ್ಸ್, ಸರ್ಕಾರಿ ಕಚೇರಿ ಗುಡಿಸುತ್ತಿದ್ದ ಎಲಾ ವಾಟ್ಸನ್ ಅವರನ್ನು ಅಮೆರಿಕದ ಬಾವುಟದ ಮುಂದೆ ನಿಲ್ಲಿಸಿದ. ಒಂದು ಕಡೆ ಪೊರಕೆ, ಇನ್ನೊಂದು ಕಡೆ ನೆಲ ಒರೆಸುವ ಕೋಲು. ಅದೂ ನಿಲ್ಲಿಸಿ ತೆಗೆದದ್ದೇ. ಆದರೆ ಆ ನಿಲುವು ಬಾವುಟವನ್ನೇ ಪ್ರಶ್ನೆ ಕೇಳಿತು. ಸರ್ಕಾರಿ ಕಡತದಲ್ಲಿ ಆ ಚಿತ್ರದ ಹೆಸರು ಬರೀ 'ಸರ್ಕಾರದ ಕಸಗುಡಿಸುವವಳು'. ಪಾರ್ಕ್ಸ್ ಅಷ್ಟಕ್ಕೇ ಬಿಡಲಿಲ್ಲ. ವಾರಗಟ್ಟಲೆ ಆಕೆಯ ಜೊತೆ ಓಡಾಡಿದ. ಮನೆ, ಮೊಮ್ಮಕ್ಕಳು, ಪ್ರಾರ್ಥನೆ ಎಲ್ಲ ಚಿತ್ರವಾದವು. ಮೊಮ್ಮಕ್ಕಳ ಜೊತೆಗಿನ ಚಿತ್ರದ ಕೆಳಗೆ 'ಶ್ರೀಮತಿ ಎಲಾ ವಾಟ್ಸನ್' ಅಂತಲೇ ಇದೆ. ಪೊರಕೆ ಕೆಳಗಿಟ್ಟ ಮೇಲೂ ಮನುಷ್ಯಳಾಗಿ ಉಳಿದದ್ದನ್ನು ಅವನು ನೋಡಿದ.

ಗ್ಯಾಲರಿಯೂ ಬೇರೆ ಥರ ಇರಬಹುದು. ಹಾರ್ಲೆಮ್ಮಿನ ಕಪ್ಪು ಜನರ ಬದುಕನ್ನು ಒಳಗಿನವನಾಗಿ ಚಿತ್ರಿಸಿದ ರಾಯ್ ಡಿಕರಾವ 1955ರಲ್ಲಿ ನ್ಯೂಯಾರ್ಕಿನ ತನ್ನ ಮನೆಯಲ್ಲೇ ಫೋಟೋ ಗ್ಯಾಲರಿ ತೆರೆದ. ಸುಮಾರು ಎರಡು ವರ್ಷ ನಡೆಯಿತು. ದೊಡ್ಡವರ ಗೋಡೆಗೆ ಕಾಯದೆ ತನ್ನ ಗೋಡೆಯನ್ನೇ ಕೊಟ್ಟ.

ನಮಗೂ ಗೋಡೆಗಳಿವೆ. ಕೇರಿಯ ಮನೆಮನೆಯಲ್ಲಿ ಬಾಬಾಸಾಹೇಬರ ಫೋಟೋ ಇದೆ. ಕೆಳಗೆ ಚೀಟಿ ಇಲ್ಲದಿದ್ದರೂ ಕೂಸು ಕೂಡ ಹೆಸರು ಹೇಳುತ್ತದೆ. ಮೇಷ್ಟ್ರುಗಳೇ, ಗೆಳೆಯರೇ, ಶಾಲೆಯ ಗೋಡೆ ಇದೆ, ಕೈಯಲ್ಲಿ ಮೊಬೈಲಿದೆ. ಊರು ಗುಡಿಸುವವರನ್ನು ಕೇಳಿ, ಅವರು ಒಪ್ಪಿದರೆ ಚಿತ್ರ ತೆಗೆಯಿರಿ. ಮೊದಲು ಹೆಸರು ಬರೆದುಕೊಳ್ಳಿ. ಆಮೇಲೆ ಗಾಳಿ ಯಾವ ಕಡೆಗಿದೆ ನೋಡಿ.

ಇದನ್ನು ಉಪದೇಶ ಅಂತ ಬರೆಯುತ್ತಿಲ್ಲ. ಊರಿನ ಬಸ್ಸು ಹತ್ತಿ ಕೂತ ಮೇಲೆ ನನಗೆ ಹೊಳೆಯಿತು: ಆ ಅಮ್ಮನ ಹೆಸರನ್ನು ನಾನೂ ಕೇಳಿರಲಿಲ್ಲ.