ಮನೆಯೇ ಗ್ಯಾರೇಜಿಗೆ ಹೋದಾಗ

'ನೊಮ್ಯಾಡ್‌ಲ್ಯಾಂಡ್' ಸಿನಿಮಾ ಮೊದಲ ಸಲ ನೋಡಿದಾಗ ನಾನು ಅಮೆರಿಕದಲ್ಲಿ ಆನ್‌ಸೈಟ್ ಇದ್ದೆ. ಕೆಲಸವೆಲ್ಲ ಮನೆಯಿಂದಲೇ. ಮರುಭೂಮಿಯ ಸಂಜೆ, ಹಿಂದೆ ಪಿಯಾನೋ. ಇಷ್ಟು ಬಾಡಿಗೆ ಯಾಕೆ ಕಟ್ಟಬೇಕು, ಮಂಚ, ಒಲೆ, ಕಕ್ಕಸು ಎಲ್ಲಾ ಒಳಗೇ ಇರೋ ಒಂದು ಆರ್‌ವಿ ತಗೊಂಡು ಅದರಲ್ಲೇ ಇದ್ದುಬಿಡೋಣ ಅನಿಸಿತು.

ಒಂದು ಹಳೇ ಗಾಡಿ ನೋಡೋಕೂ ಹೋದೆ. ಹೊರಗೆ ಫಳಫಳ. ಬಚ್ಚಲ ಹತ್ತಿರ ಕಾಲಿಟ್ಟರೆ ನೆಲ ಮೆತ್ತಗೆ ಒಳಗೆ ಹೋಯ್ತು. ಚಾವಣಿ ಸೋರಿ, ಹಾಸಿನ ಕೆಳಗಿನ ಮರ ಕೊಳೆತಿತ್ತು. ಟೈರಿನ ಪಕ್ಕದಲ್ಲಿ ಒತ್ತಿರೋ ಕೊನೆಯ ನಾಲ್ಕು ಅಂಕಿ ಅದು ತಯಾರಾದ ವಾರ ಮತ್ತು ವರ್ಷ ಹೇಳುತ್ತೆ: 2319 ಅಂದ್ರೆ 2019ರ 23ನೇ ವಾರ. ಈ ಗಾಡಿಯ ಟೈರು ಸವೆದಿರಲಿಲ್ಲ, ಆದ್ರೆ ಮುದಿಯಾಗಿತ್ತು. ಜಾತ್ರೇಲಿ ನಮ್ಮಜ್ಜ ಎತ್ತಿನ ಕೊಂಬಿನ ಬಣ್ಣ ನೋಡ್ತಿರಲಿಲ್ಲ, ಬಾಯಿ ಬಿಡಿಸಿ ಹಲ್ಲು ನೋಡ್ತಿದ್ದರು. ನಾನು ಸುಮ್ಮನೆ ವಾಪಸ್ ಬಂದೆ.

ಬಂದು ಸಿನಿಮಾ ಮತ್ತೆ ನೋಡಿದೆ. ಎಲ್ಲಾ ಅದರಲ್ಲೇ ಇತ್ತು! ನೆವಾಡಾದ ಎಂಪೈರ್ ಅನ್ನೋ ಊರಲ್ಲಿ ಜಿಪ್ಸಮ್ ಕಾರ್ಖಾನೆ 2011ರಲ್ಲಿ ಮುಚ್ಚಿ ಊರೇ ಖಾಲಿಯಾದ ಮೇಲೆ ಫರ್ನ್ ವ್ಯಾನಿಗೆ ಬಂದವಳು. ಟೈರ್ ಪಂಕ್ಚರ್ ಆದಾಗ ಅವಳ ಹತ್ತಿರ ಸ್ಟೆಪ್ನಿ ಇಲ್ಲ. ಅನುಭವಸ್ಥೆ ಸ್ವಾಂಕಿ ಬೈತಾಳೆ. ಕಕ್ಕಸಿಗೆ ಎಷ್ಟು ದೊಡ್ಡ ಬಕೆಟ್ ಬೇಕು ಅನ್ನೋ ಪಾಠವೂ ಇದೆ. ಆಮೇಲೆ ವ್ಯಾನ್ ಕೆಡುತ್ತೆ. ರಿಪೇರಿಗೆ ಎರಡು ಸಾವಿರ ಡಾಲರ್‌ಗೂ ಮೇಲೆ. ಇದರ ಬದಲು ಬೇರೆ ಗಾಡಿ ತಗೊಳ್ಳಿ ಅಂತಾರೆ ಗ್ಯಾರೇಜಿನವರು. ಅದು ತನ್ನ ಮನೆ ಅಂತ ಅವಳು ಹೇಳ್ತಾಳೆ. ನಮ್ಮ ಕಾರು ಕೆಟ್ಟರೆ ಬಸ್ ಹಿಡೀತೀವಿ. ಅವಳಿಗೆ ಆ ರಾತ್ರಿ ಮಲಗೋ ಜಾಗವೇ ಇಲ್ಲ.

ಕ್ಲೋಯಿ ಝಾವೋ ಇದನ್ನೆಲ್ಲ ಪ್ರಾಮಾಣಿಕವಾಗಿ ತೋರಿಸ್ತಾರೆ. ನನ್ನ ತಕರಾರು ಬೇರೆ. ಈ ಬದುಕಿಗೆ ದುಡ್ಡು ಎಲ್ಲಿಂದ ಬರುತ್ತೆ ಅನ್ನೋದನ್ನ ಸಿನಿಮಾ ಮೆತ್ತಗೆ ದಾಟಿಬಿಡುತ್ತೆ. ಇದಕ್ಕೆ ಆಧಾರವಾದ ಜೆಸ್ಸಿಕಾ ಬ್ರೂಡರ್ ಅವರ 2017ರ ಪುಸ್ತಕದಲ್ಲಿ, ಅಮೆಜಾನ್ ಗೋದಾಮಿನಲ್ಲಿ ದುಡಿಯೋ ವಯಸ್ಸಾದವರ ಮೈಕೈ ನೋವು ಕಣ್ಣಿಗೆ ಕಟ್ಟುತ್ತೆ. ಸಿನಿಮಾದಲ್ಲಿ ಅದೇ ಗೋದಾಮು ಎಷ್ಟು ಶಾಂತ! ಸಂಜೆಗೆಂಪಿನ ಮುಂದೆ ಗ್ಯಾರೇಜಿನ ಬಿಲ್ಲು ನನಗೂ ಮೊದಲ ಸಲ ಕಾಣಲಿಲ್ಲ.

ಆರ್‌ವಿ ಕೊಳ್ಳೋ ಆಸೆ ಇದ್ದರೆ ಈ ಸಿನಿಮಾ ಎರಡು ಸಲ ನೋಡಿ. ರಿಪೇರಿ ದುಡ್ಡು ಕೇಳೋಕೆ ಫರ್ನ್‌ಗೆ ಒಬ್ಬ ಸೋದರಿ ಇದ್ದಳು. ನಿಮಗೆ ಯಾರಿದ್ದಾರೆ, ಕೈಲಿ ಎಷ್ಟು ಉಳಿಯುತ್ತೆ ಅಂತ ಮೊದಲು ಬರೆದಿಟ್ಕೊಳ್ಳಿ. ಗಾಡಿ ನೋಡೋಕೆ ಆಮೇಲೆ ಹೋಗಿ.