ಯಾವುದಕ್ಕೂ ಒಂದು ಸೈಜು ದೊಡ್ಡದಿರಲಿ

ಪೀಣ್ಯದಂಥ ಕಡೆ ಹೊಸ ಮಷೀನು ಕಟ್ಟುವಾಗ ಲೀನಿಯರ್ ಆಕ್ಚುಯೇಟರ್ ಆರಿಸುವ ಪದ್ಧತಿ ಬಹಳ ಸರಳ. ಎಷ್ಟು ಕೆಜಿ ತಳ್ಳಬೇಕು, ಎಷ್ಟು ಸ್ಟ್ರೋಕ್ ಬೇಕು ಎಂದು ನೋಡುತ್ತಾರೆ. ಆಮೇಲೆ ‘ಯಾವುದಕ್ಕೂ ಇರಲಿ’ ಎಂದು ಒಂದು ಸೈಜು ದೊಡ್ಡದನ್ನೇ ತರಿಸುತ್ತಾರೆ. ಈ ಮುನ್ನೆಚ್ಚರಿಕೆ ಕೆಲವು ಕಡೆ ಜಾಣತನ, ಕೆಲವು ಕಡೆ ಶುದ್ಧ ದಂಡ.

ಗಾಳಿ ಸಿಲಿಂಡರನ್ನೇ ನೋಡಿ. 50 ಮಿ.ಮೀ. ಬೋರಿನದು 6 ಬಾರ್ ಒತ್ತಡದಲ್ಲಿ ಲೆಕ್ಕಕ್ಕೆ ಸುಮಾರು 1,180 ನ್ಯೂಟನ್, ಅಂದರೆ 120 ಕೆಜಿಯಷ್ಟು ತಳ್ಳುತ್ತದೆ. ಸೀಲಿನ ಘರ್ಷಣೆ ಕಳೆದರೂ 60 ಕೆಜಿ ಬೇಕಿರುವ ಕ್ಲ್ಯಾಂಪಿಗೆ ಧಾರಾಳ. ಅಲ್ಲಿ 63ರ ಬೋರಿನದನ್ನು ಕೂರಿಸಿದರೆ ಪ್ರತಿ ಸ್ಟ್ರೋಕಿಗೂ ಶೇ. 59ರಷ್ಟು ಹೆಚ್ಚು ಗಾಳಿ. ಖರೀದಿ ಬಿಲ್ಲಿನಲ್ಲಿ ಕಾಣದ ಈ ಖರ್ಚು ಮಷೀನು ಇರುವಷ್ಟು ಕಾಲ ಕರೆಂಟ್ ಬಿಲ್ಲಿನಲ್ಲಿ ಬರುತ್ತಲೇ ಇರುತ್ತದೆ. ಅಷ್ಟಕ್ಕೂ ಕಂಪ್ರೆಸರ್ ನುಂಗುವ ವಿದ್ಯುತ್ತಿನ ಬಹುಪಾಲು ಶಾಖವಾಗಿಯೇ ಹೋಗುತ್ತದೆ.

ಬಾಲ್ ಸ್ಕ್ರೂಗೆ ಬಂದರೆ ಲೆಕ್ಕ ತಿರುವುಮುರುವು. ಹೊರುವ ಶಕ್ತಿ ಎರಡರಷ್ಟಿರುವ ಸ್ಕ್ರೂ ಹಾಕಿದರೆ ಅದೇ ಲೋಡಿಗೆ, ಬೇರಿಂಗಿನಲ್ಲಿ ಆಗುವಂತೆಯೇ, ಲೆಕ್ಕದ ಆಯುಸ್ಸು ಎಂಟು ಪಟ್ಟು. ಉದ್ದ ಸ್ಟ್ರೋಕಿದ್ದರಂತೂ ದಪ್ಪ ಸ್ಕ್ರೂ ಬೇಕೇ ಬೇಕು: ಆಧಾರಗಳ ನಡುವಿನ ಉದ್ದ ಎರಡರಷ್ಟಾದರೆ ಸ್ಕ್ರೂ ಅದುರದೆ ತಿರುಗಬಲ್ಲ ವೇಗ ಕಾಲುಭಾಗಕ್ಕೆ ಇಳಿಯುತ್ತದೆ. ತಮಾಷೆಯೆಂದರೆ, ಸಿಲಿಂಡರಿನಲ್ಲಿ ಧಾರಾಳಿಗಳಾದವರು ಸರಿಯಾಗಿ ಇಲ್ಲೇ ಕೈ ಬಿಗಿ ಹಿಡಿಯುತ್ತಾರೆ.

ನೆಟ್ಟಗೆ ಮೇಲೆತ್ತುವ ಕೆಲಸದಲ್ಲಿ ಸೈಜಿಗಿಂತ ಮೊದಲು ಕೇಳಬೇಕಾದದ್ದು, ಕರೆಂಟು ಹೋದರೆ ಲೋಡು ಎಲ್ಲಿರುತ್ತದೆ ಎಂದು. ಬ್ರೇಕಿಲ್ಲದ ಮೋಟರಿದ್ದರೆ ಲೋಡು ತಾನೇ ಬಾಲ್ ಸ್ಕ್ರೂ ತಿರುಗಿಸಿಕೊಂಡು ಕೆಳಗಿಳಿಯುತ್ತದೆ. ಟ್ರೆಪಿಜಾಯ್ಡಲ್ ಸ್ಕ್ರೂ ಸಾಮಾನ್ಯವಾಗಿ ಹಿಡಿದು ನಿಲ್ಲುತ್ತದೆ. ಹಿಡಿಯುವ ಆ ಘರ್ಷಣೆಯೇ ಓಡುವಾಗ ಬಿಸಿಯಾಗಿ ಕಾಡುತ್ತದೆ. ಡ್ಯೂಟಿ ಸೈಕಲ್ ಶೇ. 25 ಎಂದು ಬರೆದಿರುವುದನ್ನು ಶಿಫ್ಟಿಡೀ ಬಿಡುವಿಲ್ಲದೆ ಓಡಿಸಿ, ಆಮೇಲೆ ಮಾಲು ಸರಿಯಿಲ್ಲ ಎಂದು ಬೈದು ಪ್ರಯೋಜನವಿಲ್ಲ.

ಹಾಗೆಂದು ಎಲ್ಲದಕ್ಕೂ ಸರ್ವೋ ಹಾಕಿಸುವ ಈಚಿನ ಶೋಕಿಯೂ ನನಗೆ ಒಪ್ಪಿಗೆಯಿಲ್ಲ. ಎರಡು ತುದಿಗಳಲ್ಲಷ್ಟೇ ನಿಲ್ಲುವ ಕೆಲಸಕ್ಕೆ ಗಾಳಿ ಸಿಲಿಂಡರೇ ಸರಿ. ಅಗ್ಗ, ಗಟ್ಟಿ, ಐಎಸ್‌ಒ 15552 ಅಳತೆಯದಾದರೆ ಬೇರೆ ಕಂಪನಿಯದೂ ಅದೇ ಜಾಗದಲ್ಲಿ ಕೂರುತ್ತದೆ. ನಡುವೆ ನಾಲ್ಕಾರು ಕಡೆ ಕರಾರುವಾಕ್ಕಾಗಿ ನಿಲ್ಲಬೇಕಿದ್ದರೆ ಸರ್ವೋಗೆ ಹಾಕಿದ ದುಡ್ಡು ಸಾರ್ಥಕ. ಕೊಟೇಶನ್ ಕೇಳುವಾಗ ಕೆಜಿ, ಸ್ಟ್ರೋಕ್ ಜೊತೆಗೆ ಗಂಟೆಗೆ ಎಷ್ಟು ಸಲ ಓಡಬೇಕು, ಎಲ್ಲೆಲ್ಲಿ ನಿಲ್ಲಬೇಕು, ಕರೆಂಟು ಹೋದಾಗ ಏನಾಗಬೇಕು ಎಂಬುದನ್ನೂ ಬರೆದು ಕೊಡಿ.